ತಡವರಿಸಿದ್ದು ಹುಡುಗಿಯ ಕಾಲಲ್ಲ: ವಿಡಿಯೋ ಡಿವಿಡಿಗೆ ಹಾಕುವಾಗ ಫ್ರೇಮ್ ರೇಟ್ ಕಾಪಾಡಿಕೊಳ್ಳುವ ಬಗೆ

ಹೋದ ವರ್ಷ ಅಕ್ಕನ ಮಗಳ ರಂಗಪ್ರವೇಶ ಮಲ್ಲೇಶ್ವರದ ಸೇವಾಸದನದಲ್ಲಿ ಆಯಿತು. ದೊಡ್ಡಮ್ಮನಿಗೆ ಮಂಡಿನೋವು, ಬರಲಾಗಲಿಲ್ಲ. "ಡಿವಿಡಿ ಮಾಡಿಕೊಡೋ, ಮನೇಲೇ ಕೂತ್ಕೊಂಡು ನೋಡ್ತೀನಿ" ಅಂದರು. ಮೊಬೈಲಿನ ಪರದೆ ಅವರ ಕಣ್ಣಿಗೆ ಸಾಲದು. ಡಿಸ್ಕ್ ಒಳಗಿಟ್ಟು ಪ್ಲೇ ಒತ್ತುವುದು ಅವರಿಗೆ ಕೈಗೆ ಹತ್ತಿದ ಅಭ್ಯಾಸ. ಮಾಡಿಕೊಟ್ಟೆ. ಎರಡು ದಿನ ಬಿಟ್ಟು ಫೋನ್ ಬಂತು: "ಜತಿಸ್ವರದಲ್ಲಿ ಮಗು ಯಾಕೋ ಕಾಲು ತಡವರಿಸ್ತಾಳಲ್ಲೋ. ಅಭ್ಯಾಸ ಸಾಲದೇನೋ."

ದೊಡ್ಡಮ್ಮ ಚಿಕ್ಕಂದಿನಲ್ಲಿ ನಾಟ್ಯ ಕಲಿತವರು, ಅವರ ಕಣ್ಣು ತಪ್ಪುವುದಿಲ್ಲ. ಆದರೆ ಅವತ್ತು ಮೂರನೇ ಸಾಲಿನಲ್ಲಿ ಕೂತು ನೋಡಿದವನು ನಾನು. ಹುಡುಗಿಯ ಒಂದು ಹೆಜ್ಜೆಯೂ ತಾಳ ಬಿಟ್ಟಿರಲಿಲ್ಲ. ತಡವರಿಸಿದ್ದು ನಾನು ಮಾಡಿದ ಡಿಸ್ಕು. ಒಂಬತ್ತು ವರ್ಷ ಕಲಿತವಳ ಮೇಲೆ ನನ್ನ ತಪ್ಪು ಹೋಗಿ ಕೂತಿತ್ತು. ಆ ಸಂಕಟದಲ್ಲೇ ಈ ವಿಷಯವನ್ನು ಬುಡದಿಂದ ಕಲಿತೆ. ಮದುವೆ, ನಾಮಕರಣ, ಕಛೇರಿ, ನಾಟಕ, ಯಾವ ವಿಡಿಯೋವನ್ನಾದರೂ ಹಿರಿಯರಿಗಾಗಿ ಡಿವಿಡಿಗೆ ಹಾಕುವವರಿಗೆ ಇದು ಉಪಯೋಗಕ್ಕೆ ಬರಲಿ.

ತೊಂದರೆ ಹುಟ್ಟುವ ಜಾಗ

ಡಿವಿಡಿ ವಿಡಿಯೋ ಎಂಬುದು ಕಟ್ಟುನಿಟ್ಟಿನ ಪದ್ಧತಿ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬ ವೇಗಕ್ಕೆ, ಅದರಲ್ಲಿ ಎರಡೇ ದಾರಿ, ಎರಡೂ ಟಿವಿ ಪ್ರಸಾರದಿಂದ ಬಂದ ಪದ್ಧತಿಗಳು. ಒಂದು ಪಾಲ್: ಸೆಕೆಂಡಿಗೆ 25 ಚಿತ್ರ, 720ಕ್ಕೆ 576 ಚುಕ್ಕಿ. ಇನ್ನೊಂದು ಎನ್‌ಟಿಎಸ್‌ಸಿ: ಸೆಕೆಂಡಿಗೆ 29.97 ಚಿತ್ರ, 720ಕ್ಕೆ 480 ಚುಕ್ಕಿ. ಮೊಬೈಲಿನಲ್ಲಿ 30, 60, 24 ಹೀಗೆ ಯಾವ ವೇಗದ ಫೈಲಾದರೂ ಓಡುತ್ತದೆ. ಡಿವಿಡಿ ಪ್ಲೇಯರಿಗೆ ಆ ಸ್ವಾತಂತ್ರ್ಯವಿಲ್ಲ. ಈ ಎರಡು ಅಳತೆಗೆ ಸರಿಹೊಂದದ್ದನ್ನೆಲ್ಲ ಪರಿವರ್ತನೆಯ ಸಾಫ್ಟ್‌ವೇರ್ ಕತ್ತರಿಸುತ್ತದೆ, ಇಲ್ಲವೇ ಹಿಗ್ಗಿಸುತ್ತದೆ.

ನಮ್ಮ ದೇಶದ್ದು ಪಾಲ್. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದ್ದೂ ಪಾಲ್‌ನಲ್ಲೇ. ಹಾಗಾಗಿ ಸಾಫ್ಟ್‌ವೇರ್ "ಪಾಲ್ ಬೇಕೋ, ಎನ್‌ಟಿಎಸ್‌ಸಿ ಬೇಕೋ" ಎಂದು ಕೇಳಿದಾಗ ನಾವು ಯೋಚಿಸದೆ ಪಾಲ್ ಒತ್ತುತ್ತೇವೆ. ನಾನೂ ಒತ್ತಿದೆ. ಆದರೆ ಚಿತ್ರೀಕರಣ ಆಗಿದ್ದು ಸ್ಟ್ಯಾಂಡಿನ ಮೇಲಿಟ್ಟ ಮೊಬೈಲಿನಲ್ಲಿ, ಸೆಕೆಂಡಿಗೆ 30ರಂತೆ. 30ನ್ನು 25ಕ್ಕೆ ಇಳಿಸಬೇಕಾದರೆ ಪ್ರತಿ ಆರು ಚಿತ್ರಕ್ಕೆ ಒಂದನ್ನು ಎಸೆಯಬೇಕು. ಸೆಕೆಂಡಿಗೆ ಐದು ಸಲ ಚಲನೆಯಲ್ಲಿ ಒಂದು ಸಣ್ಣ ಹಾರು.

ನಾಟ್ಯ, ಸಂಗೀತ ಬಲ್ಲವರಿಗೆ ಬೇರೆ ರೀತಿ ಹೇಳಬಹುದು. ಆರು ಅಕ್ಷರದ ಸೊಲ್ಲುಕಟ್ಟಿನಿಂದ ಒಂದಕ್ಷರ ಕಿತ್ತು ಐದಕ್ಷರದ ಖಂಡನಡೆಯಲ್ಲಿ ಹೇಳಿ ಅಂದರೆ ಏನಾಗುತ್ತದೋ ಅದೇ ಇಲ್ಲಿ ಆಗುವುದು. ಮಾತನಾಡುತ್ತ ಕೂತವರ ದೃಶ್ಯದಲ್ಲಿ ಇದು ಯಾರಿಗೂ ಕಾಣದು. ಮೂರನೇ ಕಾಲದ, ಅಂದರೆ ಅತಿ ವೇಗದ ಅಡವಿನಲ್ಲಿ (ಹೆಜ್ಜೆಯ ಜೋಡಣೆಯಲ್ಲಿ) ಪಾದ ನೆಲ ಮುಟ್ಟುವುದೇ ಒಂದೆರಡು ಚಿತ್ರಗಳಷ್ಟು ಹೊತ್ತು. ಎಸೆದ ಚಿತ್ರ ಅದೇ ಆಗಿಬಿಟ್ಟರೆ ಮೃದಂಗದ ಪೆಟ್ಟು ಕೇಳಿಸುತ್ತದೆ, ಪಾದ ಬಿದ್ದದ್ದು ಕಾಣಿಸುವುದಿಲ್ಲ.

ಹಾಗಾಗಿ ನಾನು ಹೇಳಬೇಕಾದ ಮುಖ್ಯ ಮಾತು ಒಂದೇ. ಡಿಸ್ಕಿನ ಪದ್ಧತಿಯನ್ನು ದೇಶ ನೋಡಿ ಆರಿಸಬೇಡಿ, ಫೈಲ್ ನೋಡಿ ಆರಿಸಿ. 25ರಲ್ಲಿ ತೆಗೆದದ್ದು ಪಾಲ್ ಡಿಸ್ಕಿಗೆ, 30ರಲ್ಲಿ ತೆಗೆದದ್ದು ಎನ್‌ಟಿಎಸ್‌ಸಿ ಡಿಸ್ಕಿಗೆ. ಉಳಿದದ್ದೆಲ್ಲ ಇದನ್ನು ಕಾರ್ಯಕ್ಕಿಳಿಸುವ ಕೆಲಸ.

ಮೊದಲು ಅಸಲಿ ಫೈಲ್ ಕೈಗೆ ಬರಲಿ

ಮನೆಯವರು ವಾಟ್ಸಾಪ್‌ನಲ್ಲಿ ವಿಡಿಯೋ ಎಂದೇ ಕಳಿಸಿದ್ದನ್ನು ತೆಗೆದುಕೊಳ್ಳಬೇಡಿ. ಅದು ದಾರಿಯಲ್ಲೇ ಹಿಂಡಿಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಅಥವಾ ಪೆನ್‌ಡ್ರೈವ್ ಹಿಡಿದು ಅವರ ಮನೆಗೇ ಹೋಗಿ. ಕ್ಯಾಮ್‌ಕಾರ್ಡರ್ ಆದರೆ ಅದರ ಕಾರ್ಡಿನಿಂದಲೇ ನೇರವಾಗಿ ನಕಲು ಮಾಡಿಕೊಳ್ಳಿ.

ಫೈಲಿನ ಒಳಗೆ ಇಣುಕಿ ನೋಡಿ

ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಫೈಲ್ ತೆರೆಯಿರಿ. ವಿಡಿಯೋ ಭಾಗದಲ್ಲಿ ನೋಡಬೇಕಾದ್ದು ಮೂರು ಸಾಲು.

ಫ್ರೇಮ್ ರೇಟ್ ಎಂಬಲ್ಲಿ 25, 29.97, 30, 59.94, 23.976 ಇಂಥದೊಂದು ಅಂಕೆ ಇರುತ್ತದೆ.

ಫ್ರೇಮ್ ರೇಟ್ ಮೋಡ್ ಎಂಬಲ್ಲಿ ಕಾನ್ಸ್ಟೆಂಟ್ ಎಂದೋ ವೇರಿಯಬಲ್ ಎಂದೋ ಇರುತ್ತದೆ. ವೇರಿಯಬಲ್ ಎಂದರೆ ವೇಗ ಒಂದೇ ಸಮನಾಗಿಲ್ಲ. ಮೊಬೈಲ್ ವಿಡಿಯೋಗಳು ಬಹುಪಾಲು ಹೀಗೇ. ಬೆಳಕು ಕಡಿಮೆಯಾದಾಗ ಅನೇಕ ಫೋನುಗಳು ಹೆಚ್ಚು ಬೆಳಕು ಹಿಡಿಯಲೆಂದು ವೇಗ ಇಳಿಸಿಕೊಳ್ಳುತ್ತವೆ. ಒಂದು ನೃತ್ಯ ಮುಗಿದು ವೇದಿಕೆಯ ದೀಪ ಮಂಕಾದಾಗಲೆಲ್ಲ ನಮ್ಮ ಫೋನೂ ಅದನ್ನೇ ಮಾಡಿತ್ತು.

ಸ್ಕ್ಯಾನ್ ಟೈಪ್ ಎಂಬಲ್ಲಿ ಪ್ರೋಗ್ರೆಸಿವ್ ಅಥವಾ ಇಂಟರ್‌ಲೇಸ್ಡ್ ಎಂದಿರುತ್ತದೆ. ಪ್ರೋಗ್ರೆಸಿವ್ ಅಂದರೆ ಪ್ರತಿ ಸಲ ಪೂರ್ತಿ ಚಿತ್ರ. ಇಂಟರ್‌ಲೇಸ್ಡ್ ಅಂದರೆ ಬೆಸ ಗೆರೆಗಳು ಒಮ್ಮೆ, ಸಮ ಗೆರೆಗಳು ಇನ್ನೊಮ್ಮೆ, ಅರ್ಧರ್ಧ ಚಿತ್ರಗಳಾಗಿ. ಹಳೆಯ ಹ್ಯಾಂಡಿಕ್ಯಾಮ್‌ಗಳದ್ದು ಸಾಮಾನ್ಯವಾಗಿ ಇದೇ ಪದ್ಧತಿ. ಇಂಟರ್‌ಲೇಸ್ಡ್ ಆಗಿದ್ದರೆ ಕೆಳಗಿನ ಸ್ಕ್ಯಾನ್ ಆರ್ಡರ್ ಸಾಲನ್ನೂ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೆಂಗಳೂರಿನಲ್ಲಿ ಮನೆಗೊಬ್ಬರು ಅಮೆರಿಕದಲ್ಲಿರುತ್ತಾರೆ. ಅಲ್ಲಿಂದ ತಂದ ಕ್ಯಾಮೆರಾದಲ್ಲಿ ತೆಗೆದದ್ದು 29.97 ಇರುತ್ತದೆ, ಇಲ್ಲಿ ಕೊಂಡದ್ದರಲ್ಲಿ 25. ಒಂದೇ ಸಮಾರಂಭವನ್ನು ಭಾವ ಒಂದರಲ್ಲಿ, ತಮ್ಮ ಇನ್ನೊಂದರಲ್ಲಿ ತೆಗೆದಿರುತ್ತಾರೆ. ಅದಕ್ಕೇ ಒಂದೇ ಫೈಲ್ ನೋಡಿ ನಿಲ್ಲಬೇಡಿ, ಪ್ರತಿಯೊಂದನ್ನೂ ತೆರೆದು ನೋಡಿ ಕಾಗದದ ಮೇಲೆ ಪಟ್ಟಿ ಮಾಡಿ.

ನೋಡುವವರ ಪ್ಲೇಯರ್, ಟಿವಿ ವಿಚಾರಿಸಿ

"ಎನ್‌ಟಿಎಸ್‌ಸಿ ಡಿಸ್ಕ್ ನಮ್ಮಲ್ಲಿ ಓಡುತ್ತದೆಯೇ" ಎಂಬ ಹೆದರಿಕೆ ಸಹಜ. ಇಲ್ಲಿ ಮಾರಾಟವಾದ ಡಿವಿಡಿ ಪ್ಲೇಯರುಗಳಲ್ಲಿ ಬಹುಪಾಲು ಎರಡನ್ನೂ ಓದುತ್ತವೆ. ಚಪ್ಪಟೆ ಪರದೆಯ ಎಲ್‌ಸಿಡಿ, ಎಲ್‌ಇಡಿ ಟಿವಿಗಳಿಗೂ ಎರಡೂ ಒಗ್ಗುತ್ತವೆ. ತೊಂದರೆ ಬರುವುದು ಪಾಲ್ ಮಾತ್ರ ಗೊತ್ತಿರುವ ಹಳೆಯ ಡಬ್ಬಿ ಟಿವಿಯಲ್ಲಿ. ಅಲ್ಲಿ ಚಿತ್ರ ಕಪ್ಪು-ಬಿಳುಪಾಗಬಹುದು, ಇಲ್ಲವೇ ಮೇಲೆ ಕೆಳಗೆ ಉರುಳಬಹುದು.

ಪ್ಲೇಯರಿನ ಸೆಟಪ್ ಮೆನುವಿನಲ್ಲಿ ಟಿವಿ ಸಿಸ್ಟಂ ಅಥವಾ ಟಿವಿ ಟೈಪ್ ಎಂಬ ಆಯ್ಕೆ ಇರುತ್ತದೆ. ಅದನ್ನು ಆಟೋ ಅಥವಾ ಮಲ್ಟಿ ಮಾಡಿ. ಪಾಲ್ ಎಂದೇ ಬಿಟ್ಟರೆ ಎನ್‌ಟಿಎಸ್‌ಸಿ ಡಿಸ್ಕನ್ನು ಪ್ಲೇಯರೇ ಒಳಗೊಳಗೆ 25ಕ್ಕೆ ಇಳಿಸಿಬಿಡಬಹುದು. ಆಗ ನೀವು ಪಟ್ಟ ಶ್ರಮವೆಲ್ಲ ಆ ಪೆಟ್ಟಿಗೆಯೊಳಗೆ ಹಾಳು. ದೊಡ್ಡಮ್ಮನ ಮನೆಗೆ ಹೋದಾಗ ನಾನು ಮೊದಲು ಮಾಡಿದ ಕೆಲಸ ಇದೇ.

ಅಂದ ಹಾಗೆ ರೀಜನ್ ಕೋಡ್ (ಡಿಸ್ಕು ಯಾವ ಪ್ರದೇಶದ ಪ್ಲೇಯರಿಗೆಂಬ ಅಂಕೆ) ಬೇರೆ ವಿಷಯ. ಭಾರತದ್ದು 5. ಅಂಗಡಿಯ ಸಿನಿಮಾ ಡಿಸ್ಕುಗಳಿಗೆ ಆ ಬೀಗ ಇರುತ್ತದೆ. ಮನೆಯಲ್ಲಿ ಮಾಡಿದ ಡಿಸ್ಕಿಗೆ ಅದನ್ನು ಹಾಕದಿದ್ದರೆ ಆಯಿತು, ಆ ತಡೆ ಎಲ್ಲೂ ಬರುವುದಿಲ್ಲ.

ಯಾವುದಕ್ಕೆ ಯಾವ ಡಿಸ್ಕು

25 ಪ್ರೋಗ್ರೆಸಿವ್ ಅಥವಾ 50 ಅರ್ಧಚಿತ್ರದ ಇಂಟರ್‌ಲೇಸ್ಡ್ ಫೈಲ್ ಆದರೆ ಕಣ್ಣುಮುಚ್ಚಿ ಪಾಲ್.

30 ಅಥವಾ 29.97 ಆದರೆ ಎನ್‌ಟಿಎಸ್‌ಸಿ. 30ರಿಂದ 29.97ಕ್ಕೆ ಇಳಿಯಲು ಸುಮಾರು ಸಾವಿರ ಚಿತ್ರಕ್ಕೆ ಒಂದು ಹೋದರೆ ಸಾಕು, ಅಂದರೆ 33 ಸೆಕೆಂಡಿಗೊಮ್ಮೆ. ಯಾರ ಕಣ್ಣಿಗೂ ಬೀಳದು. ಪಾಲ್‌ಗೆ ಹೋಲಿಸಿದರೆ 96 ಗೆರೆ ಕಡಿಮೆ, ಚಿತ್ರ ಒಂದಿಷ್ಟು ಮೃದುವಾಗುತ್ತದೆ. ನನ್ನ ಮಟ್ಟಿಗೆ ಆ ನಷ್ಟ ಏನೇನೂ ಅಲ್ಲ. ಸೀರೆಯ ಜರಿ ಸ್ವಲ್ಪ ಮಸುಕಾದರೂ ನಡೆಯಬೇಕು, ನಡೆ ಕೆಡಬಾರದು.

50 ಅಥವಾ 60ರಲ್ಲಿ ತೆಗೆದಿದ್ದರೆ ನಿಮ್ಮ ಅದೃಷ್ಟ. ಡಿವಿಡಿಯಲ್ಲಿ 50 ಪೂರ್ಣ ಚಿತ್ರಕ್ಕೆ ಜಾಗವಿಲ್ಲ, ಆದರೆ 50 ಅರ್ಧಚಿತ್ರಕ್ಕೆ ಇದೆ. ಇಂಟರ್‌ಲೇಸ್ಡ್ ಆಗಿ ಹೊರತೆಗೆದರೆ 60ರ ಫೈಲ್ ಎನ್‌ಟಿಎಸ್‌ಸಿಯಲ್ಲಿ, 50ರದ್ದು ಪಾಲ್‌ನಲ್ಲಿ ನೀರಿನಂತೆ ಹರಿಯುತ್ತದೆ. 60ನ್ನು ಪಾಲ್‌ಗೆ ಹಾಕಲೇಬೇಕಾದರೂ ಹಾರು ಸೆಕೆಂಡಿನ ಅರವತ್ತನೇ ಒಂದು ಭಾಗದಷ್ಟೇ. 30ರಷ್ಟು ಕಣ್ಣಿಗೆ ಹೊಡೆಯುವುದಿಲ್ಲ.

ಮದುವೆಯ ವಿಡಿಯೋ ತೆಗೆಯುವವರು ಸಿನಿಮಾದ ಹಾಗೆ ಕಾಣಲೆಂದು 24 ಅಥವಾ 23.976ರಲ್ಲಿ ತೆಗೆದಿರುತ್ತಾರೆ. ಇಲ್ಲಿ ಎಚ್ಚರ ಬೇಕು. ಇದನ್ನು ಪಾಲ್‌ಗೆ ತರಲು ಹಳೆಯ ಉಪಾಯವೆಂದರೆ ಎಲ್ಲವನ್ನೂ ನೂರಕ್ಕೆ ನಾಲ್ಕರಷ್ಟು ಬೇಗ ಓಡಿಸುವುದು. ಪಾಲ್ ಡಿವಿಡಿಗಳಲ್ಲಿ ಎರಡು ಗಂಟೆಯ ಸಿನಿಮಾ 115 ನಿಮಿಷಕ್ಕೇ ಮುಗಿಯುವುದು ಇದರಿಂದ. ಹಾಗೆ ಓಡಿಸಿದರೆ ಧ್ವನಿಯ ಶ್ರುತಿಯೂ ಮೇಲೇರುತ್ತದೆ. ಐದು ಮನೆ ಶ್ರುತಿಯಲ್ಲಿ ಹಾಡಿದ್ದು ಐದೂವರೆಯ ಹತ್ತಿರಕ್ಕೆ ಹೋಗಿ ಯಾವ ಮನೆಯೂ ಅಲ್ಲದ ಕಡೆ ನಿಲ್ಲುತ್ತದೆ. ಸಂಗೀತ ಬಲ್ಲವರಿಗೆ ಅದು ತಕ್ಷಣ ತಿಳಿಯುತ್ತದೆ. ಓಡಿಸದೆ ಸೆಕೆಂಡಿಗೊಂದು ಚಿತ್ರ ಎರಡು ಸಲ ತೋರಿಸಿದರೆ ಸೆಕೆಂಡಿಗೊಮ್ಮೆ ತೊಡರು. ಅದಕ್ಕಿಂತ 23.976ನ್ನು ಎನ್‌ಟಿಎಸ್‌ಸಿ ಡಿಸ್ಕಿಗೆ ಹಾಕಿ. ಒಂದು ಚಿತ್ರಕ್ಕೆ ಮೂರು ಅರ್ಧಚಿತ್ರ, ಮುಂದಿನದಕ್ಕೆ ಎರಡು ಎಂಬ ಪುಲ್‌ಡೌನ್ ಏರ್ಪಾಡು ಆ ಪದ್ಧತಿಯಲ್ಲೇ ಇದೆ. ಶ್ರುತಿ ಕದಲುವುದಿಲ್ಲ.

25 ಮತ್ತು 30 ಎರಡೂ ಇದ್ದರೆ? ಒಂದು ಡಿಸ್ಕಿನಲ್ಲಿ ಎರಡು ಪದ್ಧತಿ ಬೆರೆಸುವ ಹಾಗಿಲ್ಲ. ನಾನು ಎರಡು ಡಿಸ್ಕು ಮಾಡಿದೆ. ಮೊಬೈಲಿನ ನೃತ್ಯ ಪೂರ್ತಿ ಎನ್‌ಟಿಎಸ್‌ಸಿಯಲ್ಲಿ, ತಮ್ಮನ ಹ್ಯಾಂಡಿಕ್ಯಾಮ್‌ನಲ್ಲಿದ್ದ ಗುರುವಂದನೆ, ಅತಿಥಿಗಳ ಮಾತು, ಊಟದ ಮನೆ ಎಲ್ಲ ಪಾಲ್‌ನಲ್ಲಿ. ಒಂದೇ ಡಿಸ್ಕು ಬೇಕೇ ಬೇಕೆಂದರೆ ಹೆಚ್ಚು ಚಲನೆ ಯಾವುದರಲ್ಲಿದೆಯೋ ಅದರ ಪದ್ಧತಿ ಹಿಡಿಯಿರಿ. ಭಾಷಣದ ಭಾಗ ಸ್ವಲ್ಪ ತೊಡರಿದರೂ ಯಾರಿಗೂ ನಷ್ಟವಿಲ್ಲ.

ಕೆಲವು ತಂತ್ರಾಂಶಗಳು ಚಿತ್ರ ಎಸೆಯುವ ಬದಲು ಅಕ್ಕಪಕ್ಕದ ಎರಡನ್ನು ಬೆರೆಸಿ ಕೊಡುತ್ತವೆ, ಬ್ಲೆಂಡ್ ಎಂದು ಹೆಸರು. ನೃತ್ಯಕ್ಕೆ ಇದನ್ನು ಬಳಸಬೇಡಿ. ಪತಾಕ ಹಸ್ತ ಹಿಡಿದ ಒಂದು ಕೈ ಎರಡಾಗಿ, ನೆರಳಿನ ಹಾಗೆ ಕಾಣುತ್ತದೆ.

ಏರುಪೇರಿನ ವೇಗವನ್ನು ಸಮ ಮಾಡಿ

ಮೊಬೈಲ್ ಫೈಲ್ ವೇರಿಯಬಲ್ ಆಗಿದ್ದರೆ ಅದನ್ನು ನೇರವಾಗಿ ಡಿವಿಡಿ ತಂತ್ರಾಂಶಕ್ಕೆ ಕೊಡಬೇಡಿ. ಚಿತ್ರ ಒಂದು ದಾರಿ, ಧ್ವನಿ ಇನ್ನೊಂದು ದಾರಿ ಹಿಡಿಯುವುದು ಇಲ್ಲೇ.

ಹ್ಯಾಂಡ್‌ಬ್ರೇಕ್ ಉಚಿತವಾಗಿ ಸಿಗುತ್ತದೆ. ಅದು ಡಿವಿಡಿ ಮಾಡುವುದಿಲ್ಲ, ಆದರೆ ವೇಗ ಸಮ ಮಾಡಲು ಚೆನ್ನಾಗಿದೆ. ಫೈಲ್ ತೆರೆದು ವಿಡಿಯೋ ಟ್ಯಾಬ್‌ಗೆ ಹೋಗಿ, ಫ್ರೇಮ್‌ರೇಟ್ ಜಾಗದಲ್ಲಿ 30ರ ಫೈಲಿಗೆ 29.97 ಆರಿಸಿ, ಕಾನ್ಸ್ಟೆಂಟ್ ಫ್ರೇಮ್‌ರೇಟ್ ಗುರುತು ಹಾಕಿ. ಗುಣಮಟ್ಟದ ಆರ್‌ಎಫ್ ಅಂಕೆಯನ್ನು 16ರ ಸುತ್ತ ಇಡಿ. ಅಂಕೆ ಚಿಕ್ಕದಾದಷ್ಟೂ ಚಿತ್ರ ಚೆನ್ನ, ಫೈಲ್ ದೊಡ್ಡದು. ಇದು ಮಧ್ಯದ ನಕಲು ಅಷ್ಟೇ, ಜಾಗಕ್ಕೆ ಜಿಪುಣತನ ಬೇಡ. ಸೇಮ್ ಆಸ್ ಸೋರ್ಸ್ ಎಂದು ಬಿಟ್ಟು ವೇರಿಯಬಲ್ ಹಾಗೇ ಇದ್ದರೆ ಮಾಡಿಯೂ ಪ್ರಯೋಜನವಿಲ್ಲ. ಮುಗಿದ ಮೇಲೆ ಹೊಸ ಫೈಲನ್ನು ಮತ್ತೆ ಮೀಡಿಯಾಇನ್ಫೋದಲ್ಲಿ ತೆರೆದು ಕಾನ್ಸ್ಟೆಂಟ್ ಎಂದು ಬಂದಿದೆಯೇ ನೋಡಿ.

ಹ್ಯಾಂಡಿಕ್ಯಾಮ್‌ನ ಇಂಟರ್‌ಲೇಸ್ಡ್ ಫೈಲನ್ನು ಮಾತ್ರ ಇದರಲ್ಲಿ ಹಾಯಿಸಬೇಡಿ. ಹ್ಯಾಂಡ್‌ಬ್ರೇಕ್ ಅರ್ಧಚಿತ್ರಗಳನ್ನು ಬೆಸೆದು ಪೂರ್ತಿ ಚಿತ್ರ ಮಾಡಲು ಹೊರಡುತ್ತದೆ, 50ರ ಚಲನೆ 25ಕ್ಕೆ ಇಳಿಯುತ್ತದೆ. ಅದರ ವೇಗ ಮೊದಲೇ ಸಮವಾಗಿರುತ್ತದೆ, ನೇರ ಡಿವಿಡಿಗೆ ಹೋಗಲಿ.

ಎಡಿಟ್ ಮಾಡುವವರಿಗೆ ಒಂದು ಮಾತು. ಡಾವಿಂಚಿ ರಿಸಾಲ್ವ್‌ನಂಥದರಲ್ಲಿ ಪ್ರಾಜೆಕ್ಟಿನ ಫ್ರೇಮ್ ರೇಟನ್ನು ಮೊದಲ ಕ್ಲಿಪ್ ತರುವ ಮುಂಚೆಯೇ ನಿಗದಿ ಮಾಡಿ. ಆಮೇಲೆ ಬದಲಿಸಲು ಅದು ಬಿಡುವುದಿಲ್ಲ. ಎಡಿಟ್ 24ರಲ್ಲಿ ಮುಗಿಸಿ ಡಿಸ್ಕು 25ರಲ್ಲಿ ಮಾಡಿದರೆ ಎರಡೆರಡು ಸಲ ಪೆಟ್ಟು.

ಡಿಸ್ಕು ಕಟ್ಟುವುದು

ನಾನು ಬಳಸುವುದು ಡಿವಿಡಿಸ್ಟೈಲರ್, ಇದೂ ಉಚಿತ. ಹೊಸ ಪ್ರಾಜೆಕ್ಟ್ ತೆರೆದಾಗಲೇ ಪಾಲ್ ಅಥವಾ ಎನ್‌ಟಿಎಸ್‌ಸಿ, 16:9 ಅಥವಾ 4:3, ಧ್ವನಿ ಎಸಿ-3 ಅಥವಾ ಎಂಪಿ-2 ಎಂದು ಕೇಳುತ್ತದೆ. ಈ ಒಂದು ಪುಟವನ್ನು ನಿಧಾನವಾಗಿ ತುಂಬಿ. ಧ್ವನಿಗೆ ಎಸಿ-3 ಇರಲಿ. ಡಿವಿಡಿಯ ಧ್ವನಿ 48 ಕಿಲೋಹರ್ಟ್ಸ್ ಇರಬೇಕು, ಅದನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ.

ಇಂಟರ್‌ಲೇಸ್ಡ್ ಫೈಲಿಗೆ ಫೀಲ್ಡ್ ಆರ್ಡರ್, ಅಂದರೆ ಯಾವ ಅರ್ಧಚಿತ್ರ ಮೊದಲು ಎಂಬುದು (ನೀವು ಬರೆದಿಟ್ಟುಕೊಂಡ ಸ್ಕ್ಯಾನ್ ಆರ್ಡರ್), ಸರಿಯಾಗಿರಬೇಕು. ಟೇಪಿನ ಕಾಲದ ಡಿವಿ ಕ್ಯಾಮೆರಾದ್ದು ಬಾಟಮ್ ಫೀಲ್ಡ್ ಫಸ್ಟ್, ಆಮೇಲಿನ ಎಚ್‌ಡಿ ಕ್ಯಾಮ್‌ಕಾರ್ಡರುಗಳ ಎವಿಸಿಎಚ್‌ಡಿಯದ್ದು ಟಾಪ್ ಫೀಲ್ಡ್ ಫಸ್ಟ್. ತಿರುವುಮುರುವಾದರೆ ಕೈ ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಎಂಬಂತೆ ನಡುಗುತ್ತದೆ. ನಿಂತ ಚಿತ್ರದಲ್ಲಿ ಏನೂ ಗೊತ್ತಾಗುವುದಿಲ್ಲ, ಆಡುವಾಗಲೇ ಕಾಣುವುದು. ಫ್ರೇಮ್ ರೇಟಿನ ದೋಷವೆಂದು ಎಷ್ಟೋ ಜನ ಹುಡುಕಾಡುವುದು ಈ ದೋಷವನ್ನೇ.

ಅಳತೆಯ ಲೆಕ್ಕ: ಒಂದು ಪದರದ ಡಿಸ್ಕಿನಲ್ಲಿ 4.7 ಜಿಬಿ. ಎರಡು ಗಂಟೆ ತುಂಬಿದರೆ ಚಿತ್ರ, ಧ್ವನಿ ಸೇರಿ ಸೆಕೆಂಡಿಗೆ 5.2 ಮೆಗಾಬಿಟ್. ಎರಡೂವರೆ ಗಂಟೆಯಾದರೆ 4.2ಕ್ಕೂ ಕೆಳಗೆ. ನೃತ್ಯದಂಥ ಚಲನೆಗೆ ಇದು ಸಾಲದು, ಬೇಗದ ಜತಿಗಳಲ್ಲಿ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ವರ್ಣದವರೆಗೆ ಒಂದು ಡಿಸ್ಕು, ಪದದಿಂದ ತಿಲ್ಲಾನ, ಮಂಗಳದವರೆಗೆ ಇನ್ನೊಂದು ಎಂದು ಒಡೆಯಿರಿ. ವರ್ಣದ ಮಧ್ಯೆ ಮಾತ್ರ ಒಡೆಯಬೇಡಿ.

ಬರ್ನ್ ಮಾಡುವ ಮುಂಚೆ ಪರೀಕ್ಷೆ

ನೇರ ಡಿಸ್ಕಿಗೆ ಬರೆಯದೆ ಮೊದಲು ಐಎಸ್ಒ ಫೈಲ್ (ಇಡೀ ಡಿಸ್ಕಿನ ನಕಲು ಒಂದೇ ಫೈಲಾಗಿ) ಮಾಡಿ ವಿಎಲ್‌ಸಿಯಲ್ಲಿ ನೋಡಿ. ನೃತ್ಯದ ವಿಡಿಯೋಗೆ ನಟ್ಟುವಾಂಗದ ತಾಳಕ್ಕಿಂತ ಒಳ್ಳೆಯ ಅಳತೆಗೋಲಿಲ್ಲ. ಗುರುಗಳ ಕೈಯಲ್ಲಿ ತಾಳ ಕೂಡುವ ಗಳಿಗೆ, ಅದರ ಸದ್ದು, ಹುಡುಗಿಯ ಪಾದ ಮೂರೂ ಒಟ್ಟಿಗೆ ಬೀಳಬೇಕು. ಅಲಾರಿಪ್ಪಿನಲ್ಲಿ ಒಮ್ಮೆ, ವರ್ಣದ ನಡುವೆ ಒಮ್ಮೆ, ತಿಲ್ಲಾನದ ಕೊನೆಯಲ್ಲಿ ಒಮ್ಮೆ ನೋಡಿ. ಮದುವೆಯಾದರೆ ಗಟ್ಟಿಮೇಳದ ಡೋಲು, ನಾಟಕವಾದರೆ ಯಾರಾದರೂ ಬಾಗಿಲು ತಟ್ಟುವ ದೃಶ್ಯ ಸಾಕು.

ಆರಂಭದಲ್ಲಿ ಸರಿಯಿದ್ದು ಹೋಗುತ್ತ ಹೋಗುತ್ತ ತಪ್ಪಿದರೆ ಎಷ್ಟು ತಪ್ಪಿದೆ ಎಂಬುದೇ ಕಾರಣ ಹೇಳುತ್ತದೆ. ಗಂಟೆಗೆ ಮೂರೂವರೆ ಸೆಕೆಂಡಿನಷ್ಟಾದರೆ 30 ಮತ್ತು 29.97ರ ಗೊಂದಲ. ಗಂಟೆಗೆ ಎರಡೂವರೆ ನಿಮಿಷದ ಹತ್ತಿರವಾದರೆ 24ರದ್ದು 25ರಲ್ಲಿ ಓಡುತ್ತಿದೆ. ಒಂದು ನೃತ್ಯದಲ್ಲಿ ಸರಿ, ಮುಂದಿನದರಲ್ಲಿ ತಪ್ಪು ಎಂದು ಹಾರಿ ಹಾರಿ ಬಂದರೆ ವೇರಿಯಬಲ್ ಫೈಲ್ ಸಮವಾಗದೆ ಉಳಿದಿದೆ. ಮೊದಲಿನಿಂದ ಕೊನೆಯವರೆಗೂ ಒಂದೇ ಅಂತರವಿದ್ದರೆ ಅದು ಫ್ರೇಮ್ ರೇಟಿನ ತಪ್ಪೇ ಅಲ್ಲ, ಧ್ವನಿಯನ್ನು ಅಷ್ಟು ಸರಿಸಿದರೆ ಮುಗಿಯಿತು.

ಕಂಪ್ಯೂಟರಿನಲ್ಲಿ ಸರಿಯಾದದ್ದು ಟಿವಿಯಲ್ಲಿ ಸರಿಯಿರಬೇಕೆಂದೇನಿಲ್ಲ. ಒಂದು ಡಿವಿಡಿ-ಆರ್‌ಡಬ್ಲ್ಯೂ ಇಟ್ಟುಕೊಳ್ಳಿ, ಅಳಿಸಿ ಮತ್ತೆ ಬರೆಯಬಹುದು. ಅತಿ ವೇಗದ ಮೂರು ನಿಮಿಷದ ತುಣುಕು ಹಾಕಿ ನೋಡುವವರ ಮನೆಯಲ್ಲೇ, ಅವರ ಪ್ಲೇಯರಿನಲ್ಲೇ ಓಡಿಸಿ ನೋಡಿ. ನಾನು ಎರಡನೇ ಸಲ ಮಾಡಿದ ನೃತ್ಯದ ಡಿಸ್ಕಿನ ತುಣುಕನ್ನು ದೊಡ್ಡಮ್ಮ ತೊಡೆಯ ಮೇಲೆ ತಾಳ ಹಾಕಿಕೊಂಡೇ ನೋಡಿದರು. ಜತಿಸ್ವರ ಮುಗಿಯುವವರೆಗೆ ಅವರ ಕೈ ಒಂದು ಸಲವೂ ನಿಲ್ಲಲಿಲ್ಲ.

ಆಮೇಲೆ ಬರ್ನ್ ಮಾಡಿ. ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ರೈಟರೂ ಖಾಲಿ ಡಿಸ್ಕುಗಳೂ ಟೌನ್‌ಹಾಲ್ ಹತ್ತಿರದ ಎಸ್.ಪಿ. ರಸ್ತೆಯಲ್ಲಿ ವಿಚಾರಿಸಿದರೆ ಸಿಗುತ್ತವೆ. ಹಳೆಯ ಪ್ಲೇಯರಿಗೆ ಡಿವಿಡಿ-ಆರ್ ಒಳ್ಳೆಯದು. ವೇಗ 4 ಎಕ್ಸ್ ಅಥವಾ 8 ಎಕ್ಸ್ ಇಡಿ, ಫೈನಲೈಸ್ ಮಾಡುವುದನ್ನು (ಬೇರೆ ಪ್ಲೇಯರು ಓದುವಂತೆ ಡಿಸ್ಕಿನ ಬರವಣಿಗೆ ಮುಗಿಸಿ ಮುಚ್ಚುವುದನ್ನು) ಮರೆಯಬೇಡಿ.

ಮುಂದಿನ ಸಲ ತೆಗೆಯುವವರಿಗೆ

ಡಿವಿಡಿಗೇ ಹೋಗಲಿದೆ ಎಂದು ಮೊದಲೇ ಗೊತ್ತಿದ್ದರೆ ಚಿತ್ರೀಕರಣವನ್ನೇ 25 ಅಥವಾ 50ರಲ್ಲಿ ಮಾಡಿ. ಐಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ರೆಕಾರ್ಡ್ ವಿಡಿಯೋ ಒಳಗೆ ಶೋ ಪಾಲ್ ಫಾರ್ಮ್ಯಾಟ್ಸ್ ಎಂದಿದೆ, ಅದನ್ನು ಹಾಕಿದರೆ 25 ಕಾಣಿಸುತ್ತದೆ. ಬೇರೆ ಫೋನುಗಳಲ್ಲಿ ಪ್ರೊ ಮೋಡ್ ಹುಡುಕಿ. ಇನ್ನೊಂದು ಲಾಭವೂ ಉಂಟು. ನಮ್ಮ ಬೆಸ್ಕಾಂ ಕರೆಂಟು 50 ಹರ್ಟ್ಸ್, ಹಲವು ದೀಪಗಳು ಸೆಕೆಂಡಿಗೆ 100 ಸಲ ಮಿಡಿಯುತ್ತವೆ. 30ರಲ್ಲಿ ತೆಗೆದಾಗ ಆ ಮಿಡಿತ ಪರದೆಯ ಮೇಲೆ ಪಟ್ಟೆಗಳಾಗಿ ಉರುಳಬಹುದು. 25ರಲ್ಲಿ, ಶಟರ್ 50ನೇ ಒಂದು ಅಥವಾ 100ನೇ ಒಂದು ಇಟ್ಟರೆ ಅದು ಅಡಗುತ್ತದೆ. ಫೋನಿನ ಸ್ವಯಂಚಾಲಿತ ಫ್ರೇಮ್ ರೇಟನ್ನೂ ಆಫ್ ಮಾಡಿಬಿಡಿ.

ಡಿಸ್ಕಿನ ಮೇಲೆ ಸಿಡಿ ಮಾರ್ಕರಿನಿಂದ ಹೆಸರು, ತಾರೀಖಿನ ಜೊತೆಗೆ ಎನ್‌ಟಿಎಸ್‌ಸಿ 29.97 ಎಂದೋ ಪಾಲ್ 25 ಎಂದೋ ಬರೆಯಿರಿ. ನಾಳೆ ಮನೆಯ ಇನ್ಯಾರೋ ಇದನ್ನು ಬೇರೆ ರೂಪಕ್ಕೆ ತರಲು ಕೂತಾಗ ಮೊದಲು ಬೇಕಾಗುವುದು ಆ ಅಂಕೆ. ಮೊಬೈಲಿನ ಅಸಲಿ ಫೈಲನ್ನಂತೂ ಅಳಿಸಬೇಡಿ. ನಮ್ಮ ಹುಡುಗಿಯದ್ದು ಎರಡು ಹಾರ್ಡ್ ಡಿಸ್ಕಿನಲ್ಲಿದೆ, ಒಂದು ನನ್ನ ಬಳಿ, ಒಂದು ಅಕ್ಕನ ಬೀರುವಿನಲ್ಲಿ.